ನೈರೋಬಿಯಲ್ಲಿ ಕಂಡ ಮೂಡಬಿದಿರೆಯ ಮೃಗ

ಉದ್ಯೋಗನಿಮಿತ್ತ ಮೂರು ತಿಂಗಳ ಮಟ್ಟಿಗೆ ಪುತ್ತಿಗೆಯಿಂದ ಕೀನ್ಯಾ ದೇಶಕ್ಕೆ ಹೊರಟಾಗ ತಾಯಿಯವರಿಗಿದ್ದ ಭಯವೊಂದೇ: “ಅಲ್ಲಿ ಬೀದಿಯಲ್ಲೇ ಸಿಂಹ ತಿರುಗುವುದಂತೆ!” ನನಗೆ ಎದುರಾದದ್ದು ಚಳಿ. ನೈರೋಬಿ ಸಮುದ್ರಮಟ್ಟದಿಂದ ಸುಮಾರು 1,700 ಮೀಟರ್ ಎತ್ತರದಲ್ಲಿದೆ. ಭೂಮಧ್ಯರೇಖೆಯ ಸಮೀಪವೆಂದು ಸ್ವೆಟರ್ ಒಯ್ಯದ ನಾನು ಜುಲೈ ತಿಂಗಳ ಆ ಮೊದಲೆರಡು ರಾತ್ರಿ ನಡುಗಿದೆನು. ಬೀದಿಯಲ್ಲಿ ಸಿಂಹವಿರಲಿಲ್ಲ, ಮರಗಳ ತುದಿಯಲ್ಲಿ ಬೋಳುತಲೆಯ ಮರಬು ಕೊಕ್ಕರೆಗಳು ಗಂಭೀರವಾಗಿ ಕುಳಿತಿದ್ದವು.

ಮೂರನೆಯ ದಿನ ಭಾನುವಾರ. ನಗರಕ್ಕೆ ಅಂಟಿಕೊಂಡೇ ಇರುವ, 1946ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಉದ್ಯಾನಕ್ಕೆ ಸಹೋದ್ಯೋಗಿಗಳು ಕರೆದೊಯ್ದರು. ಜಾಲಿ ಮರಗಳ ಮೇಲಿನಿಂದ ತಲೆಯೊಂದು ನಮ್ಮನ್ನೇ ನೋಡುತ್ತಿತ್ತು. “ಟ್ವಿಗಾ” ಎಂದನು ಚಾಲಕ. ಜಿರಾಫೆ! ಒಂದು ಪಕ್ಕದ ಎರಡೂ ಕಾಲುಗಳನ್ನು ಹೆಚ್ಚುಕಡಿಮೆ ಒಟ್ಟಿಗೆ ಎತ್ತಿಡುತ್ತ, ಅವಸರವಿಲ್ಲದೆ ಅದು ದಾರಿ ದಾಟಿತು.

ನನ್ನ ಕಣ್ಣಿಗೆ ಕಟ್ಟಿದ್ದು ನಮ್ಮೂರ ಪಕ್ಕದ ಮೂಡಬಿದಿರೆ. ಅಲ್ಲಿಯ ಸಾವಿರ ಕಂಬದ ಬಸದಿ 15ನೆಯ ಶತಮಾನದ್ದು. ಅದರ ಭೈರಾದೇವಿ ಮಂಟಪದ ಜಗಲಿಯ ಕಲ್ಲಿನಲ್ಲಿ ನೀಳ ಕೊರಳಿನ ಇದೇ ಮೃಗವಿದೆ. ಚೀನಾ ದೇಶದ ಡ್ರ್ಯಾಗನ್ನೂ ಇದೆ. ಶಿಲ್ಪಿಗೆ ಕುದುರೆ ಕೆತ್ತಲು ಬಾರದೆಂದು ಬಾಲ್ಯದಲ್ಲಿ ನಕ್ಕವನು ನಾನು! ಮೆಣಸು ಕೊಳ್ಳಲು ನಮ್ಮ ಕರಾವಳಿಗೆ ದೂರದೇಶದ ಹಡಗುಗಳು ಬರುತ್ತಿದ್ದ ಕಾಲವದು. 1414ರಲ್ಲಿ ಬಂಗಾಳದ ಸುಲ್ತಾನನು ಚೀನಾದ ಚಕ್ರವರ್ತಿಗೆ ಜಿರಾಫೆಯನ್ನೇ ಕಾಣಿಕೆಯಾಗಿ ಕಳುಹಿಸಿದ್ದನು. ಅಜ್ಞಾನ ಶಿಲ್ಪಿಯದಾಗಿರಲಿಲ್ಲ.

ಆ ರಾತ್ರಿ ಮನೆಗೆ ಫೋನು ಮಾಡಿ, “ಅವ್ವಾ, ಬಸದಿಯ ಕುದುರೆಯನ್ನು ಇಲ್ಲಿ ಕಂಡೆ” ಎಂದೆನು.

“ಇರಲಿ, ಸ್ವೆಟರ್ ಕೊಂಡೆಯಾ?” ಎಂದರು.