ಹಳೇ ಲ್ಯಾಪ್‌ಟಾಪ್‌ಗೆ ಹೊಸ ಸಿಸ್ಟಂ: ಮೊದಲು ಲೆಕ್ಕಪತ್ರ ಉಳಿಸಿಕೊಳ್ಳಿ

ಸಾಂಗ್ಲಿಯ ಅರಿಶಿನ ಪೇಟೆಯಲ್ಲಾಗಲಿ, ಮೀರಜ್‌ನ ಕಿರಾಣಿ ಅಂಗಡಿಯಲ್ಲಾಗಲಿ, ವರ್ಷಗಳ ಲೆಕ್ಕ ಹಳೇ ಲ್ಯಾಪ್‌ಟಾಪ್‌ನಲ್ಲಿದ್ದರೆ ಈಗ ಎಚ್ಚರ ಬೇಕು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಟಿಪಿಎಂ 2.0 ಇಲ್ಲದ ಲ್ಯಾಪ್‌ಟಾಪ್‌ಗೆ ವಿಂಡೋಸ್ 11 ಅಧಿಕೃತವಾಗಿ ಸಿಗೋದಿಲ್ಲ.

4 ಜಿಬಿ ರ‍್ಯಾಮ್ ಇದ್ದರೆ ಉಚಿತ ಲಿನಕ್ಸ್ ಮಿಂಟ್ ಹಾಕಬಹುದು. ಆದರೆ ಟ್ಯಾಲಿ ಅದರಲ್ಲಿ ನೇರವಾಗಿ ಓಡುವುದಿಲ್ಲ, ನೆನಪಿರಲಿ.

ಪೆನ್‌ಡ್ರೈವ್‌ನಿಂದ ಶುರುವಾಗದಿದ್ದರೆ? ಆನ್ ಮಾಡಿದ ಕೂಡಲೇ ಡೆಲ್, ಲೆನೊವೊದಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9 ಒತ್ತಿ ಪೆನ್‌ಡ್ರೈವ್ ಆರಿಸಿ. ಇನ್‌ಸ್ಟಾಲ್ ಮಾಡುವ ಮೊದಲು ಪೆನ್‌ಡ್ರೈವ್‌ನಿಂದಲೇ ಓಡಿಸಿ ವೈಫೈ, ಪ್ರಿಂಟರ್ ಪರೀಕ್ಷಿಸಿ.

'ಇರೇಸ್ ಡಿಸ್ಕ್' ಒತ್ತಿದರೆ ಲೆಕ್ಕ, ಫೋಟೋ ಎಲ್ಲವೂ ಹೋಯಿತೆಂದೇ ಲೆಕ್ಕ. ಅದಕ್ಕೂ ಮುಂಚೆ ಬೇರೆ ಡಿಸ್ಕ್‌ಗೆ ಕಾಪಿ ಮಾಡಿ, ಆ ಕಾಪಿ ಇನ್ನೊಂದು ಕಂಪ್ಯೂಟರ್‌ನಲ್ಲಿ ತೆರೆಯುತ್ತದೆಯೇ ಎಂದು ನೋಡಿಕೊಳ್ಳಿ.