ಹುಲ್ಲಿನಲ್ಲಿ ಹತ್ತು ಗೋಲು, ಮರಳಿನಲ್ಲಿ ಫೈನಲ್

ನಾನು ಗೋಲ್‌ಕೀಪರ್. ಈ ವರ್ಷದ ಅಂತರ್ ಕಾಲೇಜು ಪಂದ್ಯದಲ್ಲಿ ಏಳು ಗೋಲು ಬಿಟ್ಟುಕೊಟ್ಟವನು ಎಂದರೆ ಇನ್ನೂ ಬೇಗ ಗುರುತು ಸಿಗಬಹುದು. ಮರುದಿನ ಸಂಜೆ ಕಡಲ ತೀರದಲ್ಲಿ ಎಂದಿನಂತೆ ಬರಿಗಾಲಲ್ಲಿ ಆಡುತ್ತಿದ್ದಾಗ ಗೆಳೆಯನೊಬ್ಬ, "ನಿನಗೆ ಈ ಮರಳಾಟವೇ ಸರಿ, ಇದರಲ್ಲಿ ಸೋತರೂ ಯಾರೂ ಕೇಳುವುದಿಲ್ಲ" ಎಂದ. ನನಗೆ ಸಿಟ್ಟು ಬಂತು, ಆದರೆ ಕೊಡಲು ಉತ್ತರ ಇರಲಿಲ್ಲ. ಆಮೇಲೆ ಪಿ.ಟಿ. ಸರ್ ಹತ್ತಿರ ಹೇಳಿಕೊಂಡೆ. ಅವರು ನಕ್ಕು, "ಟಹೀಟಿ ತಂಡದ ಕಥೆ ಓದು ಮಾರಾಯ" ಎಂದರು. ಓದಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಟಹೀಟಿ ಇರುವುದು ಪೆಸಿಫಿಕ್ ಸಾಗರದ ನಡುವೆ. ಫ್ರೆಂಚ್ ಪಾಲಿನೇಷ್ಯಾ ಎಂಬ ದ್ವೀಪಸಮೂಹದ ದೊಡ್ಡ ದ್ವೀಪ ಅದು. ನೂರಕ್ಕೂ ಹೆಚ್ಚು ದ್ವೀಪಗಳನ್ನು ಸೇರಿಸಿದರೂ ಜನಸಂಖ್ಯೆ 3 ಲಕ್ಷ ದಾಟುವುದಿಲ್ಲ. ಅಲ್ಲಿಯವರು ಫ್ರಾನ್ಸ್‌ನ ಪ್ರಜೆಗಳು, ಆದರೆ ಫುಟ್ಬಾಲಿನಲ್ಲಿ ಅವರದೇ ಬೇರೆ ತಂಡ. 1990ರಿಂದ ಟಹೀಟಿ ಫಿಫಾದ ಸದಸ್ಯ.

2012ರಲ್ಲಿ ಟಹೀಟಿ ಓಷಿಯಾನಿಯಾದ ಚಾಂಪಿಯನ್ ಆಯಿತು. ಅದರಿಂದಾಗಿ 2013ರ ಜೂನ್‌ನಲ್ಲಿ ಬ್ರೆಜಿಲ್‌ನಲ್ಲಿ ನಡೆದ ಕಾನ್ಫೆಡರೇಷನ್ಸ್ ಕಪ್‌ಗೆ ಅವಕಾಶ ಸಿಕ್ಕಿತು. ತಂಡದಲ್ಲಿ ಮರಾಮ ವಾಹಿರುವ ಒಬ್ಬರನ್ನು ಬಿಟ್ಟರೆ ಯಾರೂ ವೃತ್ತಿಪರ ಆಟಗಾರರಲ್ಲ. ನೈಜೀರಿಯಾ ಎದುರು 1-6, ಮರಕಾನ ಮೈದಾನದಲ್ಲಿ ವಿಶ್ವ ಚಾಂಪಿಯನ್ ಸ್ಪೇನ್ ಎದುರು 0-10, ಉರುಗ್ವೆ ಎದುರು 0-8. ಸ್ಪೇನ್‌ನ ಟೊರೆಸ್ ಒಬ್ಬರೇ ನಾಲ್ಕು ಗೋಲು ಹೊಡೆದರು. ಕೂಡಿಸಿದರೆ ಮೂರು ಪಂದ್ಯಕ್ಕೆ 24 ಗೋಲು. ನನ್ನ ಏಳು ಆಗ ಸ್ವಲ್ಪ ಚಿಕ್ಕದಾಗಿ ಕಂಡಿತು, ಸುಳ್ಳು ಹೇಳುವುದಿಲ್ಲ.

ಮೂರು ತಿಂಗಳ ಬಳಿಕ, ಸೆಪ್ಟೆಂಬರ್‌ನಲ್ಲಿ, ಬೀಚ್ ಸಾಕರ್ ವಿಶ್ವಕಪ್ ನಡೆದದ್ದು ಟಹೀಟಿಯ ರಾಜಧಾನಿ ಪಪೀಟೆಯಲ್ಲಿ. ಆಟಗಾರರು ಬೇರೆ, ಆದರೆ ದ್ವೀಪ ಅದೇ, ಜನ ಅವರೇ. 'ಟಿಕಿ ತೋಆ' ಎಂದು ಕರೆಸಿಕೊಳ್ಳುವ ಈ ತಂಡ ಸೆಮಿಫೈನಲ್ ತಲುಪಿತು. ಮೂರನೇ ಸ್ಥಾನಕ್ಕಾಗಿ ಬ್ರೆಜಿಲ್ ಜೊತೆ ಆಡಿ ಪೆನಾಲ್ಟಿಯಲ್ಲಷ್ಟೇ ಸೋತಿತು. 2015ರಲ್ಲಿ ಪೋರ್ಚುಗಲ್‌ನ ಎಸ್ಪಿನ್ಯೊದಲ್ಲಿ ಇಟಲಿಯನ್ನು ಪೆನಾಲ್ಟಿಯಲ್ಲಿ ಸೋಲಿಸಿ ಫೈನಲ್‌ಗೇ ಹೋಯಿತು! ಅಲ್ಲಿ ಆತಿಥೇಯರಿಗೆ 3-5ರಿಂದ ಸೋತರೂ, ಟೂರ್ನಿಯ ಅತ್ಯುತ್ತಮ ಆಟಗಾರ ಪ್ರಶಸ್ತಿ ಹೈಮಾನು ತಯಾರುಯಿಗೆ, ಅತ್ಯುತ್ತಮ ಗೋಲ್‌ಕೀಪರ್ ಪ್ರಶಸ್ತಿ ಜೊನಾಥನ್ ತೊರೊಹಿಯಾಗೆ. ಎರಡೂ ಟಹೀಟಿಗೆ.

ಹುಲ್ಲಿನ ಮೇಲೆ ಹತ್ತು ಗೋಲಿನಿಂದ ಸೋಲುವ ಊರು ಮರಳಿನ ಮೇಲೆ ಹೀಗೆ ಆಡುವುದು ಹೇಗೆ? ಉತ್ತರ ಆಟದ ನಿಯಮದಲ್ಲೇ ಇದೆ ಎಂದು ನನಗನಿಸುತ್ತದೆ.

ಬೀಚ್ ಸಾಕರ್‌ನಲ್ಲಿ ಒಂದು ತಂಡಕ್ಕೆ ಗೋಲ್‌ಕೀಪರ್ ಸೇರಿ ಐದೇ ಜನ. ಅಂಗಣದ ಉದ್ದ 35ರಿಂದ 37 ಮೀಟರ್, ಅಗಲ 26ರಿಂದ 28 ಮೀಟರ್. 12 ನಿಮಿಷಗಳ ಮೂರು ಅವಧಿ. ಆಟಗಾರರನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದು. ಬೂಟು ಹಾಕುವಂತಿಲ್ಲ. ಡ್ರಾ ಎಂಬುದೇ ಇಲ್ಲ. ಸಮನಾದರೆ ಮೂರು ನಿಮಿಷ ಹೆಚ್ಚುವರಿ ಆಟ, ಆಗಲೂ ಮುಗಿಯದಿದ್ದರೆ ಪೆನಾಲ್ಟಿ. ಗುಂಪಿನ ಹಂತದಲ್ಲಿ ನಿಗದಿತ ಸಮಯದಲ್ಲಿ ಗೆದ್ದರೆ 3 ಅಂಕ, ಹೆಚ್ಚುವರಿ ಸಮಯದಲ್ಲಿ ಗೆದ್ದರೆ 2, ಪೆನಾಲ್ಟಿಯಲ್ಲಿ ಗೆದ್ದರೆ 1.

ಇನ್ನು ಮರಳು. ತೀರದಲ್ಲಿ ಆಡಿದ ಎಲ್ಲರಿಗೂ ಗೊತ್ತು, ಅಲ್ಲಿ ಚೆಂಡು ನೆಟ್ಟಗೆ ಉರುಳುವುದಿಲ್ಲ. ಒಂದು ಗುಳಿಗೆ ಬಿದ್ದರೆ ನಿಂತೇ ಬಿಡುತ್ತದೆ, ಇನ್ನೊಂದಕ್ಕೆ ಬಡಿದರೆ ಪಕ್ಕಕ್ಕೆ ಹಾರುತ್ತದೆ. ಆದ್ದರಿಂದ ಚೆಂಡನ್ನು ಆದಷ್ಟು ಗಾಳಿಯಲ್ಲೇ ಇಡಬೇಕು. ಕಾಲ್ಬೆರಳಿನಿಂದ ಎತ್ತುವುದು, ಎದೆಯಲ್ಲಿ ತಡೆಯುವುದು, ಬೆನ್ನು ತಿರುಗಿಸಿ ತಲೆಯ ಮೇಲಿಂದ ಹೊಡೆಯುವುದು. ಸ್ಪೇನ್‌ನಂಥ ತಂಡ ಹುಲ್ಲಿನ ಮೇಲೆ ನೆಲಕ್ಕೆ ತಾಗಿಸಿ ಕೊಡುವ ಸಣ್ಣ ಪಾಸುಗಳು ಇಲ್ಲಿ ನಡೆಯುವುದಿಲ್ಲ. ವೇಗದ ಓಟಗಾರನ ಕಾಲೂ ಹೂತುಹೋಗುತ್ತದೆ. ಬಾಲ್ಯದಿಂದ ಮರಳಲ್ಲೇ ಆಡಿದವನಿಗೆ ಮಾತ್ರ ಅದರ ಮರ್ಜಿ ಗೊತ್ತು.

ಫ್ರೀ ಕಿಕ್‌ಗೆ ಎದುರಾಳಿಗಳು ಗೋಡೆ ಕಟ್ಟುವಂತಿಲ್ಲ. ಹೊಡೆಯುವವನು ಮರಳು ಕೂಡಿಸಿ ಚಿಕ್ಕ ದಿಬ್ಬ ಮಾಡಿ, ಅದರ ಮೇಲೆ ಚೆಂಡಿಟ್ಟು ಹೊಡೆಯುತ್ತಾನೆ. ಎದುರಿಗೆ ಗೋಲ್‌ಕೀಪರ್ ಒಬ್ಬನೇ. ಆದರೆ ಅದೇ ಗೋಲ್‌ಕೀಪರ್ ಕೈಯಲ್ಲಿ ಎಸೆದ ಚೆಂಡು ಎದುರಾಳಿಯ ಗೋಲಿನ ಮುಂದೆಯೇ ಬೀಳುತ್ತದೆ, ಅಲ್ಲಿಂದ ಒಂದೇ ಹೊಡೆತ. ಅಂದರೆ ದಾಳಿ ಶುರುವಾಗುವುದು ನನ್ನಂಥವನ ಕೈಯಿಂದ. ಇದನ್ನು ಓದಿದ ಮೇಲೆ ನಾನು ಎಸೆತವನ್ನೇ ಅಭ್ಯಾಸ ಮಾಡುತ್ತಿದ್ದೇನೆ.

ಇಷ್ಟರ ಜೊತೆ ಒಂದು ಸರಳ ಲೆಕ್ಕವೂ ಇದೆ. ಬೀಚ್ ವಿಶ್ವಕಪ್ ತಂಡಕ್ಕೆ ಬೇಕಾದದ್ದು 12 ಜನ. ಚಿಕ್ಕ ಊರಿನಲ್ಲಿ 12 ಒಳ್ಳೆಯ ಆಟಗಾರರು ಸಿಗಬಹುದು. ಹುಲ್ಲಿನ ಆಟಕ್ಕೆ 23 ಜನ ಬೇಕು, ಅದರಲ್ಲೂ ಹನ್ನೊಂದು ಮಂದಿಯಲ್ಲಿ ಮೂವರು ದುರ್ಬಲರಾದರೆ ಸ್ಪೇನ್ 90 ನಿಮಿಷವೂ ಆ ಮೂವರ ಬದಿಯಿಂದಲೇ ನುಗ್ಗುತ್ತದೆ.

ಹಾಗೆಂದು ಮರಳು ಎಲ್ಲವನ್ನೂ ಸಮ ಮಾಡುತ್ತದೆ ಎನ್ನುವಂತಿಲ್ಲ. 2017ರಲ್ಲಿ ಬಹಾಮಾಸ್‌ನಲ್ಲಿ ಟಹೀಟಿ ಮತ್ತೆ ಫೈನಲ್ ತಲುಪಿತು, ಬ್ರೆಜಿಲ್ ಎದುರು 0-6ರಿಂದ ಸೋತಿತು. ಆಮೇಲಿನ ವಿಶ್ವಕಪ್‌ಗಳಲ್ಲಿ ಸೆಮಿಫೈನಲ್ ಕೂಡ ಸಿಕ್ಕಿಲ್ಲ. ಬ್ರೆಜಿಲ್‌ಗೂ ಕಡಲ ತೀರ ಇದೆಯಲ್ಲ, ಜನವೂ ಇದ್ದಾರೆ.

ನಮ್ಮ ದೇಶದಲ್ಲೂ ಈ ಆಟ ಈಗಷ್ಟೇ ಕಣ್ಣು ಬಿಡುತ್ತಿದೆ. 2023ರಲ್ಲಿ ಸೂರತ್‌ನಲ್ಲಿ ಮೊದಲ ರಾಷ್ಟ್ರೀಯ ಬೀಚ್ ಸಾಕರ್ ಚಾಂಪಿಯನ್‌ಷಿಪ್ ನಡೆಯಿತು, ಗೆದ್ದದ್ದು ಪಕ್ಕದ ಕೇರಳ. ಈ ಸುದ್ದಿ ತೋರಿಸಿದಾಗ ನನ್ನ ಗೆಳೆಯ ಸ್ವಲ್ಪ ಹೊತ್ತು ಸುಮ್ಮನಿದ್ದ. "ಅಂಗಣ ಎಷ್ಟು ಮೀಟರ್ ಅಂದೆ?" ಎಂದು ಕೇಳಿದ. ಭಾನುವಾರ ಸಂಜೆ ನಾವಿಬ್ಬರೂ ಹಗ್ಗ ಹಿಡಿದು ಅಳೆದೆವು. ಐವರ ಎರಡು ತಂಡಕ್ಕೆ ಇನ್ನೂ ನಾಲ್ಕು ಜನ ಬೇಕು. ಪ್ರಥಮ ಪಿಯುಸಿಯವರೂ ಬರಬಹುದು.