ಮುಟ್ಟಿನ ನೋವಿನಲ್ಲಿ ಕರುಳಿಗೇನು ಕೆಲಸ?

ಮನೆಯಲ್ಲಿ ಯಾರಿಗಾದರೂ ತಲೆನೋವು ಬಂದರೆ ಆ ಸುದ್ದಿ ಕ್ಷಣಮಾತ್ರದಲ್ಲಿ ಮನೆಮಂದಿಗೆಲ್ಲ ತಿಳಿಯುವುದು. ಒಬ್ಬರು ಶುಂಠಿಯನ್ನು ತೇದು ಹಚ್ಚುವರು, ಇನ್ನೊಬ್ಬರು ಕಷಾಯವನ್ನು ಕಾಸುವರು. ಆದರೆ ತಿಂಗಳಿಗೊಮ್ಮೆ ಹೆಣ್ಣುಮಕ್ಕಳನ್ನು ಕಾಡುವ ಕಿಬ್ಬೊಟ್ಟೆಯ ನೋವಿನ ಸಂಗತಿ ಹಾಗಲ್ಲ. ಅದನ್ನು ಹೇಳಿಕೊಳ್ಳಲು ಸಂಕೋಚ. ಹೇಳಿಕೊಂಡರೂ ದೊರೆಯುವುದು, “ಎಲ್ಲರಿಗೂ ಇದ್ದದ್ದೇ, ಮದುವೆಯಾದ ಮೇಲೆ ಸರಿಹೋಗುತ್ತದೆ” ಎಂಬ ಸಮಾಧಾನದ ಮಾತು. ಆ ನೋವಿನ ಜೊತೆಯಲ್ಲಿಯೇ ಬರುವ ಹೊಟ್ಟೆಯುಬ್ಬರ, ಮಲಬದ್ಧತೆ, ಭೇದಿ ಮುಂತಾದುವನ್ನಂತೂ ಹಿಂದಿನ ರಾತ್ರಿಯ ಊಟದ ಮೇಲೆ ಹೊರಿಸುವುದುಂಟು. ಪರೀಕ್ಷೆಯ ದಿನ ಹೀಗಾದರೆ, ಅದು ಪರೀಕ್ಷೆಯ ಅಂಜಿಕೆ ಎಂದು ನಗುವವರೂ ಉಂಟು.

ಈ ತೊಂದರೆಯು ಊಟದಿಂದ ಬಂದುದೂ ಅಲ್ಲ, ಅಂಜಿಕೆಯಿಂದ ಹುಟ್ಟಿದುದೂ ಅಲ್ಲ. ಕೆನಡಾ ದೇಶದಲ್ಲಿ 156 ಮಂದಿ ಆರೋಗ್ಯವಂತ ಸ್ತ್ರೀಯರನ್ನು ವಿಚಾರಿಸಿ 2014ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ನೂರಕ್ಕೆ 73 ಮಂದಿಗೆ ಮುಟ್ಟಿನ ಮುಂಚೆಯಾಗಲಿ ಮುಟ್ಟಿನ ದಿನಗಳಲ್ಲಾಗಲಿ ಜೀರ್ಣಾಂಗಗಳ ಒಂದಲ್ಲ ಒಂದು ತೊಂದರೆ ಇದ್ದುದು ಕಂಡುಬಂದಿತು. ಹಾಗಾದರೆ ಗರ್ಭಕೋಶದಲ್ಲಿ ನಡೆಯುವ ಕಾರ್ಯಕ್ಕೂ ಕರುಳಿಗೂ ಏನು ಸಂಬಂಧ?

ಒಂದೇ ಬಟ್ಟಲಿನ ನೆರೆಹೊರೆ

ಮೊದಲು ಈ ಅಂಗಗಳ ನೆಲೆಯನ್ನು ನೋಡೋಣ. ಸೊಂಟದ ಮೂಳೆಗಳು ಕೂಡಿ ಒಂದು ಬಟ್ಟಲಿನ ಆಕಾರವನ್ನು ಪಡೆದಿವೆ. ಇದಕ್ಕೆ ಕಟಿಕುಹರವೆಂದು ಹೆಸರು. ಇದರಲ್ಲಿ ಮುಂಭಾಗದಲ್ಲಿ ಮೂತ್ರಕೋಶ, ನಡುವೆ ಗರ್ಭಕೋಶ, ಅದರ ಹಿಂದೆ ದೊಡ್ಡಕರುಳಿನ ಕೊನೆಯ ಭಾಗವಾದ ಗುದನಾಳ, ಹೀಗೆ ಮೂರು ಅಂಗಗಳು ಒತ್ತಿಕೊಂಡು ಕುಳಿತಿವೆ. ಇವುಗಳ ಗೋಡೆಗಳು ನಮ್ಮ ಇಚ್ಛೆಗೆ ಒಳಪಡದ ಅನೈಚ್ಛಿಕ ಸ್ನಾಯುಗಳಿಂದ ಆದುವು. ಕೈಯನ್ನು ನಾವು ಬೇಕೆಂದಾಗ ಮಡಿಸಬಹುದು. ಕರುಳನ್ನಾಗಲಿ ಗರ್ಭಕೋಶವನ್ನಾಗಲಿ ಹಾಗೆ ಮಾಡಲಾಗದು. ಅವು ನರಗಳ ಮತ್ತು ರಾಸಾಯನಿಕ ದೂತರ ಆಜ್ಞೆಯನ್ನು ಮಾತ್ರ ಕೇಳುವುವು.

ಈ ನೆರೆಹೊರೆಯ ಅಂಗಗಳಿಂದ ನೋವಿನ ಸುದ್ದಿಯನ್ನು ಒಯ್ಯುವ ನರಗಳು ಬೆನ್ನುಹುರಿಯಲ್ಲಿ ಬಹುಮಟ್ಟಿಗೆ ಒಂದೇ ಎಡೆಗೆ ಬಂದು ಸೇರುವುವು. ಒಂದೇ ಅಂಚೆಪೆಟ್ಟಿಗೆಗೆ ಮೂರು ಮನೆಯವರು ವಿಳಾಸವಿಲ್ಲದ ಕಾಗದಗಳನ್ನು ಹಾಕಿದಂತೆ, ನೋವು ಎಲ್ಲಿಂದ ಬಂದಿತೆಂಬುದನ್ನು ಮೆದುಳು ಖಚಿತವಾಗಿ ಹೇಳಲಾರದು. ಗರ್ಭಕೋಶದ ನೋವು ಸೊಂಟದಲ್ಲಿಯೂ ತೊಡೆಗಳಲ್ಲಿಯೂ ಕಾಣಿಸಿಕೊಳ್ಳುವುದಕ್ಕೆ ಇದೇ ಕಾರಣ.

ತಿಂಗಳ ಲೆಕ್ಕ

ಪ್ರತಿ ತಿಂಗಳೂ ಅಂಡಾಶಯದಿಂದ ಒಂದು ಅಂಡವು ಹೊರಬಿದ್ದ ಮೇಲೆ, ಅದು ಬಿಟ್ಟುಹೋದ ಸ್ಥಳದಲ್ಲಿ ಹಳದಿಯ ಬಣ್ಣದ ಒಂದು ತಾತ್ಕಾಲಿಕ ಗ್ರಂಥಿ ಬೆಳೆಯುವುದು. ಇದು ಪ್ರೊಜೆಸ್ಟೆರೋನ್ ಎಂಬ ಹಾರ್ಮೋನನ್ನು ಸ್ರವಿಸಿ, ಗರ್ಭ ನಿಲ್ಲುವುದಾದರೆ ಬೇಕಾಗುವಂತೆ ಗರ್ಭಕೋಶದ ಒಳಪೊರೆಯನ್ನು ಅಣಿಗೊಳಿಸುವುದು. ಈ ಹಾರ್ಮೋನಿಗೆ ಅನೈಚ್ಛಿಕ ಸ್ನಾಯುಗಳನ್ನು ಸಡಿಲಗೊಳಿಸುವ ಗುಣವೂ ಇದೆ. ಆದುದರಿಂದ ಮುಟ್ಟಿಗೆ ಮುಂಚಿನ ದಿನಗಳಲ್ಲಿ ಕರುಳಿನ ಚಲನೆ ಮಂದವಾಗಿ, ಕೆಲವರಿಗೆ ಮಲಬದ್ಧತೆಯೂ ಹೊಟ್ಟೆಯುಬ್ಬರವೂ ತೋರುವುವು.

ಗರ್ಭ ನಿಲ್ಲದಿದ್ದರೆ ಸುಮಾರು 14 ದಿನಗಳಲ್ಲಿ ಆ ಗ್ರಂಥಿಯು ಬಾಡಿಹೋಗುವುದು. ಪ್ರೊಜೆಸ್ಟೆರೋನಿನ ಪ್ರಮಾಣ ಕುಸಿಯುವುದು. ಆಗ ಒಳಪೊರೆಯ ಗತಿಯೇನು? ಇದನ್ನು ಕಣ್ಣಾರೆ ನೋಡಲು ಅಮೆರಿಕದ ಮಾರ್ಕೀ ಎಂಬ ಅಂಗರಚನಾ ವಿಜ್ಞಾನಿ ವಿಚಿತ್ರವಾದ ಒಂದು ಉಪಾಯವನ್ನು ಹೂಡಿದನು. ರೀಸಸ್ ಕೋತಿಗಳ ಗರ್ಭಕೋಶದ ಒಳಪೊರೆಯಿಂದ ಚಿಕ್ಕ ಚೂರುಗಳನ್ನು ತೆಗೆದು, ಅವುಗಳ ಕಣ್ಣಿನ ಮುಂಕೋಣೆಯಲ್ಲಿ ನೆಟ್ಟನು. ಆ ಚೂರುಗಳು ಅಲ್ಲಿ ಬದುಕಿದುವು. ಕೋತಿ ಮುಟ್ಟಾದಾಗ ಅವೂ ರಕ್ತ ಸುರಿಸಿದುವು! ಪಾರದರ್ಶಕವಾದ ಕಣ್ಣಿನ ಕಿಟಕಿಯ ಮೂಲಕ ಮಾರ್ಕೀ ಕಂಡದ್ದನ್ನೆಲ್ಲ 1940ರಲ್ಲಿ ಪ್ರಕಟಿಸಿದನು. ರಕ್ತಸ್ರಾವಕ್ಕೆ ಕೆಲವು ಗಂಟೆಗಳ ಮೊದಲು ಒಳಪೊರೆಯ ಸುರುಳಿ ರಕ್ತನಾಳಗಳು ಬಿಗಿದುಕೊಳ್ಳುತ್ತಿದ್ದುವು. ರಕ್ತವಿಲ್ಲದೆ ಪೊರೆಯು ಸೊರಗಿ, ಅನಂತರ ಕಳಚಿ ಬೀಳುತ್ತಿತ್ತು. ಆದರೆ ಹಾಗೆ ಬಿಗಿಯುವಂತೆ ಮಾಡುವ ವಸ್ತು ಯಾವುದು?

ತಪ್ಪು ಹೆಸರಿನ ವಸ್ತು

ಇದರ ಉತ್ತರವು ಬೇರೊಂದು ದಾರಿಯಿಂದ ಬಂದಿತು. 1930ರಲ್ಲಿ ನ್ಯೂಯಾರ್ಕಿನ ಕರ್ಜ್‌ರಾಕ್ ಮತ್ತು ಲೀಬ್ ಎಂಬ ವಿಜ್ಞಾನಿಗಳು, ಮಾನವನ ವೀರ್ಯದಲ್ಲಿರುವ ಯಾವುದೋ ವಸ್ತುವು ಗರ್ಭಕೋಶದ ಸ್ನಾಯುವಿನ ತುಣುಕುಗಳನ್ನು ಸಂಕುಚಿಸುವಂತೆ ಇಲ್ಲವೆ ಸಡಿಲುವಂತೆ ಮಾಡುವುದನ್ನು ಕಂಡರು. 1935ರಲ್ಲಿ ಸ್ವೀಡನ್ನಿನ ಉಲ್ಫ್ ವಾನ್ ಆಯ್ಲರ್ ಅದು ಪ್ರಾಸ್ಟೇಟ್ ಗ್ರಂಥಿಯಿಂದ ಬರುವುದೆಂದು ಭಾವಿಸಿ ಪ್ರೋಸ್ಟಗ್ಲಾಂಡಿನ್ ಎಂದು ಹೆಸರಿಟ್ಟನು. ಹೆಸರು ತಪ್ಪಾಗಿದ್ದಿತು, ವೀರ್ಯಕ್ಕೆ ಅದನ್ನು ಮುಖ್ಯವಾಗಿ ಒದಗಿಸುವುದು ಬೇರೆ ಗ್ರಂಥಿ. ಅಷ್ಟೇ ಅಲ್ಲ, ಗಂಡು ಹೆಣ್ಣೆಂಬ ಭೇದವಿಲ್ಲದೆ ಶರೀರದ ಬಹುತೇಕ ಎಲ್ಲ ಅಂಗಾಂಶಗಳೂ ಅದನ್ನು ತಯಾರಿಸಬಲ್ಲುವು. ಆದರೂ ಇಟ್ಟ ಹೆಸರು ಉಳಿದುಕೊಂಡಿತು. 1957ರಲ್ಲಿ ಸ್ವೀಡನ್ನಿನ ಬರ್ಗ್‌ಸ್ಟ್ರಾಮ್ ಮತ್ತು ಷೋವಾಲ್, ಕುರಿಗಳ ಗ್ರಂಥಿಗಳಿಂದ ಅದನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿದರು. ಅದೇ ವರ್ಷ ಇಂಗ್ಲೆಂಡಿನ ಪಿಕಲ್ಸ್ ಎಂಬ ಶರೀರಕ್ರಿಯಾ ವಿಜ್ಞಾನಿ, ಮುಟ್ಟಿನ ಸ್ರಾವದಲ್ಲಿ ಸ್ನಾಯುಗಳನ್ನು ಕೆರಳಿಸುವ ವಸ್ತುವೊಂದು ಇರುವುದೆಂದು ವರದಿ ಮಾಡಿದನು. ಅದು ಪ್ರೋಸ್ಟಗ್ಲಾಂಡಿನ್ ವರ್ಗದ್ದೆಂದು ಅನಂತರ ತಿಳಿಯಿತು. ತೀವ್ರವಾದ ನೋವುಳ್ಳವರ ಸ್ರಾವದಲ್ಲಿ ಅದರ ಪ್ರಮಾಣ ಸಾಮಾನ್ಯವಾಗಿ ಹೆಚ್ಚೆಂಬುದೂ ಗೊತ್ತಾಯಿತು.

ಈಗ ಕಥೆಯ ತುಣುಕುಗಳು ಕೂಡಿಕೊಳ್ಳುವುವು. ಪ್ರೊಜೆಸ್ಟೆರೋನ್ ಕುಸಿದೊಡನೆ ಒಳಪೊರೆಯ ಜೀವಕೋಶಗಳು ಪ್ರೋಸ್ಟಗ್ಲಾಂಡಿನನ್ನು ಹೇರಳವಾಗಿ ತಯಾರಿಸುವುವು. ಅದು ರಕ್ತನಾಳಗಳನ್ನು ಬಿಗಿಯುವುದು. ಗರ್ಭಕೋಶದ ಸ್ನಾಯುವನ್ನು ಹಿಂಡಿ, ಕಳಚಿದ ಪೊರೆಯನ್ನು ಹೊರಗೆ ನೂಕುವುದು. ಹಿಂಡುವಿಕೆ ಬಲವಾದಾಗ ಸ್ನಾಯುವಿಗೇ ರಕ್ತದ ಪೂರೈಕೆ ಕಡಮೆಯಾಗುವುದು. ರಕ್ತ ಸಾಲದೆ ಹೃದಯದ ಸ್ನಾಯು ಹೇಗೆ ನೋಯುವುದೋ ಇಲ್ಲಿಯೂ ಹಾಗೆಯೇ. ಇದು ಕಲ್ಪನೆಯ ನೋವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕೆ? ಮೈನೆರೆದ ಮೊದಲ ತಿಂಗಳುಗಳಲ್ಲಿ ಅನೇಕ ಬಾಲಕಿಯರಿಗೆ ನೋವಿಲ್ಲದೆ, ಒಂದೆರಡು ವರ್ಷಗಳೊಳಗೆ ಅದು ಆರಂಭವಾಗುವುದೇಕೆಂಬುದೂ ಇದರಿಂದ ತಿಳಿಯುವುದು. ಮೊದಮೊದಲು ಅಂಡವು ಬಿಡುಗಡೆಯಾಗದೆಯೇ ಮುಟ್ಟು ಬರುವುದುಂಟು. ಆಗ ಪ್ರೊಜೆಸ್ಟೆರೋನೂ ಇಲ್ಲ, ಅದರ ಕುಸಿತವೂ ಇಲ್ಲ.

ಪ್ರೋಸ್ಟಗ್ಲಾಂಡಿನ್ ಗರ್ಭಕೋಶದಲ್ಲಿ ಹುಟ್ಟಿದರೂ ಅದರ ಗಡಿಯೊಳಗೆ ನಿಲ್ಲುವುದಿಲ್ಲ. ಅದು ಪಕ್ಕದ ಕರುಳಿಗೂ ರಕ್ತಕ್ಕೂ ಹರಿಯುವುದು. ಕರುಳಿನ ಸ್ನಾಯುವೂ ಅದರ ಆಜ್ಞೆಯನ್ನು ಕೇಳುವುದರಿಂದ ಕರುಳು ಬಿರುಸಾಗಿ ಚಲಿಸುವುದು. ಕರುಳಿನೊಳಗೆ ನೀರಿನ ಸ್ರವಣವೂ ಹೆಚ್ಚುವುದು. ಹೀಗೆ ಮೊದಲೆರಡು ದಿನಗಳಲ್ಲಿ ಮಲವು ಸಡಿಲವಾಗುವುದು. ಕೆಲವರಿಗೆ ಓಕರಿಕೆಯೂ ಬರುವುದು. ಹೆರಿಗೆಯ ನೋವು ಬರಿಸಲು ವೈದ್ಯರು ಇದೇ ವರ್ಗದ ಔಷಧಗಳನ್ನು ಕೊಟ್ಟಾಗ ಕೆಲವರಿಗೆ ಭೇದಿಯಾಗುವುದು ಈ ವಿವರಣೆಯನ್ನು ಸಮರ್ಥಿಸುವುದು.

ಉಪಶಮನ

ಆಸ್ಪಿರಿನ್ ಮಾರುಕಟ್ಟೆಗೆ ಬಂದದ್ದು 1899ರಲ್ಲಿ. ಅದು ನೋವನ್ನು ಹೇಗೆ ತಗ್ಗಿಸುವುದೆಂಬುದು ತಿಳಿದದ್ದು 1971ರಲ್ಲಿ! ಲಂಡನ್ನಿನ ಜಾನ್ ವೇನ್, ಆಸ್ಪಿರಿನ್ ಮತ್ತು ಅದರಂಥ ಔಷಧಗಳು ಶರೀರದಲ್ಲಿ ಪ್ರೋಸ್ಟಗ್ಲಾಂಡಿನಿನ ತಯಾರಿಕೆಯನ್ನೇ ತಡೆಯುವುವೆಂದು ತೋರಿಸಿಕೊಟ್ಟನು. ಬರ್ಗ್‌ಸ್ಟ್ರಾಮ್, ಸ್ಯಾಮುಯೆಲ್ಸನ್, ವೇನ್ ಈ ಮೂವರಿಗೆ 1982ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ಮುಟ್ಟಿನ ನೋವಿಗೆ ವೈದ್ಯರು ಇಂದು ಬರೆದುಕೊಡುವ ಐಬುಪ್ರೊಫೆನ್, ಮೆಫೆನಾಮಿಕ್ ಆಮ್ಲ ಮುಂತಾದುವು ಈ ಬಗೆಯವೇ. ತಯಾರಿಕೆಯನ್ನು ತಡೆಯುವ ಔಷಧವಾದುದರಿಂದ, ನೋವು ಮುಗಿಲು ಮುಟ್ಟಿದ ಮೇಲೆ ನುಂಗುವುದಕ್ಕಿಂತ ಆರಂಭದಲ್ಲಿಯೇ ನುಂಗಿದರೆ ಹೆಚ್ಚು ಫಲ. ಆದರೆ ಇವು ಹೊಟ್ಟೆಯ ಹುಣ್ಣು, ಮೂತ್ರಪಿಂಡದ ರೋಗ ಮತ್ತು ಕೆಲವರ ಉಬ್ಬಸವನ್ನು ಕೆರಳಿಸಬಲ್ಲುವು. ಆದುದರಿಂದ ವೈದ್ಯರನ್ನು ಕೇಳಿ, ಊಟದ ಬಳಿಕ, ಹೇಳಿದ ಪ್ರಮಾಣದಲ್ಲಿ ಮಾತ್ರ ಸೇವಿಸಬೇಕು. ಆಸ್ಪಿರಿನ್ನನ್ನಂತೂ ಹದಿವಯಸ್ಸಿನವರು ವೈದ್ಯರು ಹೇಳದೆ ಸೇವಿಸಲಾಗದು.

ಬಿಸಿನೀರಿನ ಚೀಲದಿಂದ ಕಿಬ್ಬೊಟ್ಟೆಗೆ ಶಾಖ ಕೊಡುವ ನಮ್ಮ ಅಜ್ಜಿಯರ ಉಪಾಯವೂ ಪೊಳ್ಳಲ್ಲ. ಶಾಖದಿಂದ ನೋವು ತಗ್ಗುವುದೆಂದು ಪ್ರಯೋಗಗಳಿಂದಲೂ ಸಿದ್ಧಪಟ್ಟಿದೆ. ನಡಿಗೆ, ಲಘು ವ್ಯಾಯಾಮಗಳೂ ಹಿತಕರ.

ನೋವು ಮಿತಿಮೀರಿದಾಗ

ಇಷ್ಟು ಓದಿ, ಎಲ್ಲ ನೋವೂ ಸಹಜವೆಂದು ತಿಳಿಯುವುದು ಅಪಾಯಕರ. ಗರ್ಭಕೋಶದ ಒಳಪೊರೆಯನ್ನು ಹೋಲುವ ಅಂಗಾಂಶವು ಕೆಲವರಲ್ಲಿ ಗರ್ಭಕೋಶದ ಹೊರಗೆ, ಅಂಡಾಶಯದ ಮೇಲೆ, ಗರ್ಭಕೋಶ ಮತ್ತು ಗುದನಾಳಗಳ ನಡುವಣ ತಗ್ಗಿನಲ್ಲಿ, ಕರುಳಿನ ಗೋಡೆಯಲ್ಲಿಯೂ ಬೇರೂರುವುದು. ಎಂಡೊಮೆಟ್ರಿಯೋಸಿಸ್ ಎಂಬ ಈ ರೋಗವು ಸಂತಾನೋತ್ಪತ್ತಿಯ ವಯಸ್ಸಿನ ಸ್ತ್ರೀಯರಲ್ಲಿ ಸುಮಾರು ನೂರಕ್ಕೆ 10 ಮಂದಿಗೆ ಇರುವುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಮುಟ್ಟಿನ ರಕ್ತದ ಒಂದಂಶ ಹಿಮ್ಮುಖವಾಗಿ ಹರಿದು ಇದು ಉಂಟಾಗುವುದೆಂದು ಅಮೆರಿಕದ ಸ್ಯಾಂಪ್ಸನ್ 1927ರಲ್ಲಿ ವಾದಿಸಿದನು. ಆದರೆ ಹಾಗೆ ಹಿಮ್ಮುಖವಾಗಿ ಹರಿಯುವುದು ಬಹುಪಾಲು ಸ್ತ್ರೀಯರಲ್ಲಿ ಉಂಟು. ರೋಗ ಬರುವುದು ಕೆಲವರಿಗೆ ಮಾತ್ರ. ಆದುದರಿಂದ ಬೇರೆ ಕಾರಣಗಳೂ ಸೇರಿರಬೇಕು.

ಈ ರೋಗವು ಗೊತ್ತಾಗುವ ವೇಳೆಗೆ ಎಷ್ಟೋ ಮಂದಿಗೆ ಹಲವು ವರ್ಷಗಳೇ ಕಳೆದಿರುವುವು. ಹೇಳಿಕೊಂಡ ನೋವನ್ನು “ಇದ್ದದ್ದೇ” ಎಂದು ತಳ್ಳಿಹಾಕುವುದು ಇದಕ್ಕೆ ಒಂದು ಮುಖ್ಯ ಕಾರಣ. ತಿಂಗಳು ತಿಂಗಳೂ ಶಾಲೆ ಕಾಲೇಜು ತಪ್ಪುವಷ್ಟು ನೋವು, ಸಾಮಾನ್ಯ ಔಷಧಕ್ಕೆ ಬಗ್ಗದ ನೋವು, ವರ್ಷದಿಂದ ವರ್ಷಕ್ಕೆ ಹೆಚ್ಚುವ ನೋವು, ಮುಟ್ಟಿನ ದಿನಗಳಲ್ಲಿ ಮಲವಿಸರ್ಜನೆಯ ಕಾಲದ ತೀಕ್ಷ್ಣ ನೋವು, ಮಲದಲ್ಲಿ ರಕ್ತ, ಮುಟ್ಟು ಮುಗಿದ ಮೇಲೂ ಉಳಿಯುವ ನೋವು, ಜ್ವರ: ಇವುಗಳಲ್ಲಿ ಒಂದಿದ್ದರೂ ವೈದ್ಯರನ್ನು ಕಾಣಬೇಕು. ಯಾವ ತಿಂಗಳು, ಯಾವ ದಿನ, ಎಂಥ ನೋವು, ಕರುಳಿನ ಸ್ಥಿತಿ ಹೇಗೆ ಎಂದು ಎರಡು ಮೂರು ತಿಂಗಳು ಪುಸ್ತಕದಲ್ಲಿ ಗುರುತು ಹಾಕಿಕೊಂಡು ಹೋದರೆ, ಆ ಪುಟವು ವೈದ್ಯರಿಗೆ ಬಹಳ ನೆರವಾಗುವುದು. ಈ ರೋಗವನ್ನು ಸಂಪೂರ್ಣವಾಗಿ ಗುಣಪಡಿಸುವ ಔಷಧ ಇಂದಿಗೂ ಇಲ್ಲವಾದರೂ, ಹಾರ್ಮೋನು ಚಿಕಿತ್ಸೆಯಿಂದಲೂ ಶಸ್ತ್ರಚಿಕಿತ್ಸೆಯಿಂದಲೂ ಹತೋಟಿಯಲ್ಲಿಡುವುದು ಸಾಧ್ಯ.

ಇದನ್ನು ಓದುವ ಬಾಲಕರಿಗೂ ಒಂದು ಮಾತು. ಮನೆಯಲ್ಲಿ ಅಕ್ಕನೋ ತಂಗಿಯೋ ತರಗತಿಯಲ್ಲಿ ಸಹಪಾಠಿಯೋ ಹೊಟ್ಟೆ ಹಿಡಿದುಕೊಂಡು ಮುದುರಿ ಕುಳಿತಿದ್ದರೆ, ಅದು ನೆಪವಲ್ಲ. ಕೆಲವೇ ರಾಸಾಯನಿಕ ಅಣುಗಳು ಎರಡು ಅಂಗಗಳನ್ನು ಒಮ್ಮೆಗೇ ಹಿಂಡುತ್ತಿವೆ ಎಂದು ತಿಳಿಯಬೇಕು. ಅವಳು ಹೇಳಿದ ನೋವನ್ನು ನಂಬುವುದೇ ಚಿಕಿತ್ಸೆಯ ಮೊದಲ ಮೆಟ್ಟಿಲು.